ಮೃತರ ನೆನಹು: ಕ್ಯಾಥೊಲಿಕ ಕ್ರೈಸ್ತರ ಒಂದು ಪುರಾತನ ನೇಮ
(ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಸ್ವಮತದ ತತ್ತ್ವಗಳನ್ನು ನಿರೂಪಿಸಲು ನನಗಿಂತ ಎಷ್ಟೋ ಮಿಗಿಲಾದ ಪಂಡಿತರು ಈ ಸಭೆಗಳಿಗೆ ದಯಮಾಡಿಸಿರುವರು. ಪರಮತದ ಯಾವುದಾದರೊಂದು ಆಚಾರವನ್ನು ಕುರಿತು, ನಿಂದೆಯೂ ಇಲ್ಲದಂತೆ ಮುಖಸ್ತುತಿಯೂ ಇಲ್ಲದಂತೆ, ತಿಳಿದಷ್ಟನ್ನು ಹೇಳಬೇಕೆಂದು ನನಗೆ ಅಪ್ಪಣೆಯಾಯಿತು. ನಾನು ಚರಿತ್ರೆಯ ಉಪಾಧ್ಯಾಯನು, ದೇವತಾಶಾಸ್ತ್ರಜ್ಞನಲ್ಲ. ಆದುದರಿಂದ ಕ್ಯಾಥೊಲಿಕ ಕ್ರೈಸ್ತರು ಸತ್ತವರಿಗಾಗಿ ಪ್ರಾರ್ಥಿಸುವ ಮತ್ತು ಅವರನ್ನು ಸ್ಮರಿಸುವ ನೇಮದ ಚರಿತ್ರೆಯನ್ನೇ ಯಥಾಮತಿ ನಿವೇದಿಸಿಕೊಳ್ಳುವೆನು.

ಈ ವಿಷಯವನ್ನೇ ಏಕೆ ಆರಿಸಿಕೊಂಡೆನೆಂಬುದನ್ನು ಮೊದಲು ಅರಿಕೆಮಾಡಬೇಕು. ನಾನು ಕೆಲಸಕ್ಕಿದ್ದ ಶಾಲೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕುಳಿತು ಇಪ್ಪತ್ತಾರು ವರುಷ ಗಣಿತ ಕಲಿಸಿದ ಮಹನೀಯರೊಬ್ಬರು ಕ್ಯಾಥೊಲಿಕರು. ಪ್ರತಿವರುಷವೂ ಅಕ್ಟೋಬರ ತಿಂಗಳ ಕೊನೆಯ ವಾರದಲ್ಲಿ ಅವರು ಬಿಡುವಿನ ವೇಳೆ ಒಂದು ಹಾಳೆಯನ್ನು ಮುಂದಿಟ್ಟುಕೊಂಡು, ದುಂಡಗಿನ ಅಕ್ಷರಗಳಿಂದ ಒಂದರ ಕೆಳಗೊಂದು ಹೆಸರುಗಳನ್ನು ಬರೆಯುತ್ತಿದ್ದರು. ಆಮೇಲೆ ಆ ಹಾಳೆಯನ್ನು ಲಕೋಟೆಯಲ್ಲಿಟ್ಟು ಇಗರ್ಜಿಗೆ ಕೊಟ್ಟುಬರುವರು. ಮೊದಲ ಸಲ ನೋಡಿದಾಗ ಇದಾವ ಲೆಕ್ಕವೆಂದು ಕೇಳಿದೆನು. “ತೀರಿಕೊಂಡವರ ಪಟ್ಟಿ, ಮಾಸ್ತರರೇ. ನವಂಬರ ತಿಂಗಳಲ್ಲಿ ಇವರಿಗಾಗಿ ಪೂಜೆ ನಡೆಯುವುದು,” ಎಂದರು. ನನ್ನ ತಂದೆಯವರು ತೀರಿಕೊಂಡ ವರುಷ ಆ ಪಟ್ಟಿಯ ಕಟ್ಟಕಡೆಯಲ್ಲಿ ನಮ್ಮ ತಂದೆಯವರ ಹೆಸರನ್ನು ಕಂಡೆನು. ನನಗೆ ಸೈರಣೆಯಾಗಲಿಲ್ಲ. “ನಮ್ಮ ತಂದೆಯವರಿಗೆ ನಿಮ್ಮ ದೇವರ ಮುಂದೆ ವಕೀಲರ ಅಗತ್ಯವಿಲ್ಲ,” ಎಂದು ತುಸು ಕಟುವಾಗಿಯೇ ನುಡಿದೆನು. ಅವರು ಲೇಖನಿಯನ್ನು ಕೆಳಗಿಟ್ಟು, “ಅವರ ಕೈಯ ಅನ್ನವನ್ನು ನಾನು ಎಷ್ಟೋ ಸಲ ಉಂಡಿದ್ದೇನೆ. ನನಗೆ ಗೊತ್ತಿರುವ ರೀತಿ ಇದೊಂದೇ,” ಎಂದಷ್ಟೇ ಹೇಳಿದರು. ಹೆಸರನ್ನು ಹೊಡೆದುಹಾಕಲಿಲ್ಲ, ಹೊಡೆಯಿರೆಂದು ನಾನೂ ಹೇಳಲಾರದೆ ಹೋದೆನು. ಆ ಹಾಳೆಯ ಮೂಲವೇನೆಂಬುದನ್ನು ಹುಡುಕುತ್ತ ಹೋದುದರ ಫಲವೇ ಈ ಉಪನ್ಯಾಸ.

ತಮ್ಮ ಮನಸ್ಸಿನಲ್ಲಿ ಈಗಾಗಲೆ ಒಂದು ಸಂಶಯ ಮೂಡಿರಬಹುದು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ಕೇಳಿ ಬೆಳೆದವರು ನಾವು. ಒಬ್ಬನು ಮಾಡಿದುದನ್ನು ಮತ್ತೊಬ್ಬನ ಪ್ರಾರ್ಥನೆ ತೊಳೆಯಬಲ್ಲುದೆ? ಕ್ಯಾಥೊಲಿಕರು ಇದಕ್ಕೆ ಕೊಡುವ ಉತ್ತರವನ್ನು ಅವರ ಮಾತಿನಲ್ಲಿಯೇ ತಿಳಿಯುವುದು ನ್ಯಾಯ. ದೇವರನ್ನು ಕಡೆತನಕ ಧಿಕ್ಕರಿಸಿ ಸತ್ತವನಿಗೆ ಯಾರ ಪ್ರಾರ್ಥನೆಯೂ ನಾಟದೆಂದು ಅವರೇ ಒಪ್ಪುವರು. ಪೂರ್ಣಶುದ್ಧನಾಗಿ ದೇವರ ಸನ್ನಿಧಿಯನ್ನು ಸೇರಿದ ಸಂತನಿಗೆ ಪ್ರಾರ್ಥನೆ ಬೇಕಾಗಿಲ್ಲ. ಆತನೇ ನಮಗಾಗಿ ಬೇಡುವನು. ಆದರೆ ನಮ್ಮಂಥವರು ಬಹುಮಂದಿ ಈ ಎರಡರ ನಡುವೆ ಸಾಯುವರು. ಭಕ್ತಿಯೂ ಇರುವುದು, ಕೊಳೆಯೂ ಇರುವುದು. ಕ್ಷಮೆ ದೊರೆತಿದ್ದರೂ ಕಲೆ ಹೋಗಿಲ್ಲ. ಇಂಥವರು ದೇವದರ್ಶನಕ್ಕೆ ಮುಂಚೆ ಹೊಂದುವ ಶುದ್ಧಿಯನ್ನೇ ಅವರು ಶುದ್ಧೀಕರಣದ ಸ್ಥಿತಿಯೆಂದು ಕರೆಯುವರು. ಆ ಸ್ಥಿತಿಯಲ್ಲಿರುವವನು ತನಗಾಗಿ ಹೊಸ ಪುಣ್ಯವನ್ನು ಗಳಿಸಲಾರನು. ಆದರೆ ಭೂಮಿಯ ಮೇಲಿರುವ ಭಕ್ತರು, ಶುದ್ಧಿ ಹೊಂದುತ್ತಿರುವವರು, ಸ್ವರ್ಗಸ್ಥರು, ಈ ಮೂವರೂ ಸೇರಿ ಒಂದೇ ದೇಹವೆಂಬುದು ಅವರ ಸಿದ್ಧಾಂತ. ಇದಕ್ಕೆ ಸಂತರ ಅನ್ಯೋನ್ಯತೆಯೆಂದು ಹೆಸರು. ಕಾಲಿಗೆ ಮುಳ್ಳು ಚುಚ್ಚಿದರೆ ಕೈ ತಾನಾಗಿ ಅತ್ತ ಹೋಗುವುದಷ್ಟೆ. ಅದು ಕಾಲಿನ ಕರ್ಮ, ಕಾಲೇ ಅನುಭವಿಸಲೆಂದು ಕೈ ಸುಮ್ಮನಿರುವುದಿಲ್ಲ. ಪ್ರಾರ್ಥನೆ, ದಾನ, ಎಲ್ಲಕ್ಕಿಂತ ಮಿಗಿಲಾಗಿ ಬಲಿಪೂಜೆ, ಇವೇ ಆ ಕೈಯ ಕೆಲಸಗಳು.

ಶುದ್ಧೀಕರಣದ ಬೆಂಕಿಯನ್ನು ಚಿತ್ರಗಾರರೂ ಉಪದೇಶಕರೂ ಬಗೆಬಗೆಯಾಗಿ ಬಣ್ಣಿಸಿರುವರು. ಆದರೆ ೧೨೭೪ರಲ್ಲಿ ಲಿಯೋನಿನಲ್ಲಿಯೂ ೧೪೩೯ರಲ್ಲಿ ಫ್ಲಾರೆನ್ಸಿನಲ್ಲಿಯೂ ೧೫೬೩ರಲ್ಲಿ ಟ್ರೆಂಟಿನಲ್ಲಿಯೂ ನೆರೆದ ಧರ್ಮಪರಿಷತ್ತುಗಳು ಖಚಿತವಾಗಿ ಹೇಳಿದುದು ಸ್ವಲ್ಪವೇ: ಮರಣಾನಂತರದ ಶುದ್ಧಿಯೊಂದುಂಟು, ಜೀವಂತರ ಪ್ರಾರ್ಥನೆ ಅಲ್ಲಿರುವವರಿಗೆ ನೆರವಾಗುವುದು. ಈ ಮಿತಭಾಷಣವನ್ನು ನಾನು ಮೆಚ್ಚುತ್ತೇನೆ.

ಪರಿಷತ್ತುಗಳಿಗಿಂತ ನೇಮವೇ ಬಹಳ ಹಳೆಯದು. ಕ್ರಿಸ್ತನಿಗೆ ಮುಂಚೆ ಎರಡನೆಯ ಶತಮಾನದಲ್ಲಿ ಯೂದ ಮಕ್ಕಬಿಯನೆಂಬ ಯೆಹೂದ್ಯರ ಸೇನಾನಿಯು ಯುದ್ಧದಲ್ಲಿ ಮಡಿದ ತನ್ನ ಭಟರನ್ನು ಹೂಳಲು ಹೋದಾಗ, ಅವರ ಅಂಗಿಗಳೊಳಗೆ ಅನ್ಯದೇವತೆಗಳ ತಾಯಿತಗಳು ದೊರೆತುವಂತೆ. ತಮ್ಮ ಧರ್ಮಕ್ಕಾಗಿಯೇ ಪ್ರಾಣಕೊಟ್ಟವರು. ಅದೇ ಧರ್ಮಕ್ಕೆ ತಪ್ಪಿದವರೂ ಹೌದು! ಯೂದನು ಅವರ ಹೆಸರನ್ನು ತೊಡೆದುಹಾಕದೆ, ಸೈನಿಕರಿಂದ ೨,೦೦೦ ಬೆಳ್ಳಿಯ ದ್ರಾಖ್ಮಗಳನ್ನು ಕೂಡಿಸಿ, ಅವರ ಪಾಪಪರಿಹಾರದ ಬಲಿಗಾಗಿ ಜೆರೂಸಲೇಮಿಗೆ ಕಳುಹಿಸಿದನು. ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಈ ಕಥೆಯಿದೆ. ಮುಂದೆ ಪ್ರಾಟೆಸ್ಟೆಂಟರು ಈ ಗ್ರಂಥವನ್ನು ಪ್ರಮಾಣವೆಂದು ಒಪ್ಪದೆ ಬದಿಗಿಟ್ಟರು, ಕ್ಯಾಥೊಲಿಕರು ಉಳಿಸಿಕೊಂಡರು. ಇಂದಿಗೂ ಈ ವಿಷಯದಲ್ಲಿ ಅವರಿಬ್ಬರಿಗೂ ನಡೆಯುವ ವಾದವು ಆ ತಾಯಿತಗಳ ಸುತ್ತಲೇ ತಿರುಗುವುದೆಂದರೆ ತಪ್ಪಾಗಲಾರದು.

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಫ್ರಿಗಿಯ ದೇಶದ ಅಬರ್ಕಿಯಸನೆಂಬ ಬಿಷಪ್ಪನು ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ತಾನು ಬದುಕಿರುವಾಗಲೇ, ತನ್ನ ಸಮಾಧಿಯ ಶಾಸನವನ್ನು ಕೊರೆಯಿಸಿ, ಅದರ ಗೂಢಾರ್ಥವನ್ನು ಬಲ್ಲವರು ತನಗಾಗಿ ಪ್ರಾರ್ಥಿಸಲೆಂದು ಬೇಡಿಕೊಂಡನು. ೧೮೮೩ರಲ್ಲಿ ರ್‍ಯಾಮ್ಸೆ ಎಂಬ ವಿದ್ವಾಂಸನಿಗೆ ಆ ಕಲ್ಲಿನ ತುಂಡುಗಳು ದೊರೆತುವು. ಈಗ ಅವು ವ್ಯಾಟಿಕನ್ನಿನ ವಸ್ತುಸಂಗ್ರಹಾಲಯದಲ್ಲಿವೆ.

ಈ ನೇಮದ ಹೃದಯವನ್ನು ಕಾಣಬೇಕಾದರೆ ಶಾಸನಗಳನ್ನು ಬಿಟ್ಟು ಒಬ್ಬ ತಾಯಿಯ ಬಳಿಗೆ ಹೋಗಬೇಕು. ಆಕೆ ಸಂತ ಅಗಸ್ಟೀನನ ತಾಯಿಯಾದ ಮೋನಿಕಾ. ಆಕೆಯದು ಉತ್ತರ ಆಫ್ರಿಕ. ಅಲ್ಲಿಯ ರೂಢಿಯಂತೆ ಆಕೆ ಹಬ್ಬದ ದಿನಗಳಲ್ಲಿ ಹುತಾತ್ಮರ ಸಮಾಧಿಗಳಿಗೆ ರೊಟ್ಟಿ, ಗಂಜಿ, ದ್ರಾಕ್ಷಾರಸಗಳನ್ನು ಬುಟ್ಟಿಯಲ್ಲಿ ತೆಗೆದುಕೊಂಡು ಹೋಗುತ್ತಿದ್ದಳು. ಮಿಲಾನ್ ಪಟ್ಟಣಕ್ಕೆ ಬಂದ ಮೇಲೂ ಹಾಗೆಯೇ ಹೊರಟಳು. ಬಾಗಿಲು ಕಾಯುವವನು ತಡೆದನು. ಇದು ಕುಡುಕರಿಗೆ ನೆವವಾಗುವುದೆಂದೂ ಹಳೆಯ ಪಿತೃಪೂಜೆಯನ್ನೇ ಹೋಲುವುದೆಂದೂ ಅಲ್ಲಿಯ ಬಿಷಪ್ಪನಾದ ಅಂಬ್ರೋಸನು ನಿಷೇಧಿಸಿದ್ದನು. ಮುದುಕಿಯು ಮರುಮಾತಾಡದೆ ಬುಟ್ಟಿಯನ್ನು ತಿರುಗಿಸಿಕೊಂಡು ಹೋದಳು. ಅಂದಿನಿಂದ ಬುಟ್ಟಿಗೆ ಬದಲಾಗಿ ಪ್ರಾರ್ಥನೆ ತುಂಬಿದ ಹೃದಯವನ್ನು ಒಯ್ಯತೊಡಗಿದಳೆಂದೂ, ಆ ಆಹಾರವು ಬಡವರ ಪಾಲಾಯಿತೆಂದೂ ಮಗನು ಬರೆದಿರುವನು. ಸತ್ತವರ ಎಡೆಯು ಬಡವರ ಎಡೆಯಾದ ಆ ಗಳಿಗೆಯನ್ನು ತಾವು ಮನಸ್ಸಿನಲ್ಲಿಟ್ಟುಕೊಂಡಿರಬೇಕೆಂದು ಬೇಡುವೆನು. ಮುಂದೆ ಇದು ಮತ್ತೆ ಬರುವುದು.

೩೮೭ರಲ್ಲಿ ತಾಯಿಮಕ್ಕಳು ಸ್ವದೇಶಕ್ಕೆ ಹೊರಟು, ಹಡಗಿಗಾಗಿ ರೋಮಿನ ಸಮೀಪದ ಓಸ್ತಿಯ ಬಂದರದಲ್ಲಿ ತಂಗಿದ್ದರು. ಅಲ್ಲಿ ಮೋನಿಕಾ ಜ್ವರದಿಂದ ಮಲಗಿದಳು. ಆಕೆ ಬಹಳ ಕಾಲದಿಂದ ತನ್ನ ಗಂಡನ ಪಕ್ಕದಲ್ಲಿ ತನಗೂ ಒಂದು ಸಮಾಧಿಯನ್ನು ಅಣಿಮಾಡಿಟ್ಟಿದ್ದಳು; ಕಡಲಾಚೆ ಹೋಗಿ ಬಂದರೂ ಗಂಡಹೆಂಡಿರ ಮಣ್ಣು ಒಂದೆಡೆ ಕೂಡಿತೆಂದು ಜನರು ಹೇಳಬೇಕೆಂಬುದು ಆಕೆಯ ಆಸೆಯಾಗಿತ್ತು. ಈಗ ಆ ಆಸೆಯೂ ಕಳಚಿಬಿದ್ದಿತು. ದೇಹವನ್ನು ಎಲ್ಲಿ ಬೇಕಾದರೂ ಹೂಳಿರಿ, ಅದರ ಚಿಂತೆ ನಿಮಗೆ ಬೇಡ. ನೀವು ಎಲ್ಲಿಯೇ ಇರಿ, ದೇವರ ಪೀಠದ ಮುಂದೆ ನನ್ನನ್ನು ನೆನೆದರೆ ಸಾಕು, ಎಂಬ ಅರ್ಥದ ಮಾತನ್ನು ಮಕ್ಕಳಿಗೆ ಹೇಳಿದಳು. ಪರದೇಶದಲ್ಲಿ ದೇಹವಿಡಲು ಅಂಜಿಕೆಯಿಲ್ಲವೇ ಎಂದು ಯಾರೋ ಕೇಳಿದುದಕ್ಕೆ, ದೇವರಿಗೆ ದೂರವಾದ ಸ್ಥಳ ಯಾವುದೆಂದು ನಕ್ಕಂತೆ ಉತ್ತರಕೊಟ್ಟಳು. ಒಂಬತ್ತನೆಯ ದಿನ ತೀರಿಕೊಂಡಳು. ವಯಸ್ಸು ಐವತ್ತಾರು, ಮಗನಿಗೆ ಮೂವತ್ತಮೂರು.

ಮಗನು ತತ್ತ್ವಜ್ಞ. ಅಳಬಾರದೆಂದು ಬಿಗಿಹಿಡಿದನು. ಸಂಸ್ಕಾರವಾಯಿತು, ಅಳಲಿಲ್ಲ. ದುಃಖ ಕಳೆಯುವುದೆಂದು ಕೇಳಿ ಸ್ನಾನಕ್ಕೆ ಹೋದನು, ಕಳೆಯಲಿಲ್ಲ. ರಾತ್ರಿ ಮಲಗೆದ್ದು ಒಬ್ಬನೇ ಇದ್ದಾಗ ಕಟ್ಟೆ ಒಡೆಯಿತು. ಹತ್ತು ವರುಷಗಳ ಮೇಲೆ ತನ್ನ ಆತ್ಮಕಥೆಯಲ್ಲಿ ಈ ಸಂಗತಿಯನ್ನು ಬರೆಯುವಾಗ, ಆಕೆ ಪುಣ್ಯವಂತೆಯೆಂದು ಹೊಗಳಿ ನಿಲ್ಲಿಸದೆ, ಆಕೆಯ ಪಾಪಗಳಿಗಾಗಿ ದೇವರಲ್ಲಿ ಕ್ಷಮೆ ಬೇಡುವನು. ಓದುವವರೆಲ್ಲರೂ ಮೋನಿಕಾ ಮತ್ತು ಪತ್ರಿಕಿಯಸ್ ಎಂಬ ತನ್ನ ತಾಯಿತಂದೆಗಳನ್ನು ಪೂಜೆಯಲ್ಲಿ ನೆನೆಯಬೇಕೆಂದು ಬಿನ್ನಹಮಾಡುವನು. ತನ್ನ ತಾಯಿಯ ಪಾಪಕ್ಕೆ ಕ್ಷಮೆ ಬೇಡುವುದು ನಮಗೆ ವಿಚಿತ್ರವಾಗಿ ತೋರಬಹುದು, ನನಗೂ ತೋರಿತು. ಸತ್ತವರನ್ನು ಹೊಗಳುವುದು ಸುಲಭ. ಸತ್ತವರೂ ಮನುಷ್ಯರೇ ಆಗಿದ್ದರೆಂದು ಒಪ್ಪಿ ಅವರ ಪರವಾಗಿ ನಿಲ್ಲುವುದಕ್ಕೆ ಬೇರೆ ಬಗೆಯ ಪ್ರೀತಿ ಬೇಕು. ೧೯೪೫ರಲ್ಲಿ ಓಸ್ತಿಯದ ಇಗರ್ಜಿಯೊಂದರ ಪಕ್ಕದ ಅಂಗಳದಲ್ಲಿ ಹುಡುಗರು ಆಟಕ್ಕೆ ಕಂಬ ನೆಡಲೆಂದು ನೆಲ ಅಗೆದಾಗ ಮೋನಿಕಾಳ ಸಮಾಧಿಲೇಖದ ಅಮೃತಶಿಲೆಯ ತುಂಡೊಂದು ಮೇಲೆ ಬಂದಿತು.

ಇದೇ ಅಗಸ್ಟೀನನು ಮುದುಕನಾದ ಮೇಲೆ, ಸುಮಾರು ೪೨೧ರಲ್ಲಿ, ನೋಲದ ಪೌಲಿನಸನೆಂಬ ಬಿಷಪ್ಪನಿಗೆ ಒಂದು ಪುಟ್ಟ ಗ್ರಂಥವನ್ನೇ ಬರೆದು ಕಳುಹಿಸಿದನು. ಸಂತನ ಸಮಾಧಿಯ ಬಳಿಯಲ್ಲಿ ಹೂಳಿಸಿಕೊಂಡರೆ ಸತ್ತವನಿಗೆ ಲಾಭವುಂಟೇ ಎಂಬುದು ಪೌಲಿನಸನ ಪ್ರಶ್ನೆ. ಅಗಸ್ಟೀನನ ಉತ್ತರದಲ್ಲಿ ಎರಡು ಮಾತುಗಳು ಮುಖ್ಯ. ಅಂತ್ಯಸಂಸ್ಕಾರದ ವೈಭವವು ಬದುಕಿರುವವರ ಸಮಾಧಾನಕ್ಕೇ ಹೊರತು ಸತ್ತವರ ಸಹಾಯಕ್ಕಲ್ಲ; ಸ್ಥಳದಿಂದ ತಾನಾಗಿ ಏನೂ ಬಾರದು, ಆ ಸ್ಥಳವನ್ನು ಕಂಡು ಯಾರಾದರೂ ಪ್ರಾರ್ಥಿಸಿದರೆ ಅದೇ ಲಾಭ. ಎರಡನೆಯದು ಇನ್ನೂ ದೊಡ್ಡದು. ತಂದೆತಾಯಿ, ಮಕ್ಕಳು, ನೆಂಟರು, ಗೆಳೆಯರು ಯಾರೊಬ್ಬರೂ ಇಲ್ಲದೆ ಸತ್ತವರನ್ನು, ಹೆಸರೆತ್ತದೆಯೇ ಎಲ್ಲರನ್ನೂ ಒಟ್ಟಾಗಿ ಸ್ಮರಿಸುವ ಮೂಲಕ, ಸರ್ವರ ತಾಯಿಯಾದ ಧರ್ಮಸಭೆಯೇ ನೆನೆಯುವುದೆಂದು ಅವನು ಹೇಳುವನು. ಮಗನು ತಾಯಿಯನ್ನು ನೆನೆಯುವುದು ಲೋಕಸಹಜ. ಮಗನಿಲ್ಲದ ತಾಯಿಯನ್ನು ನೆನೆಯುವವರು ಯಾರು? ಈ ನೇಮದ ಮುಂದಿನ ಸಾವಿರ ವರುಷಗಳ ಚರಿತ್ರೆಯೆಲ್ಲ ಆ ಪ್ರಶ್ನೆಗೆ ಹುಡುಕಿದ ಉತ್ತರವೆಂದು ನನ್ನ ಎಣಿಕೆ. ಆ ಉತ್ತರ ಬಹುಮಟ್ಟಿಗೆ ಮಠಗಳಲ್ಲಿ ದೊರೆಯಿತು. ಆದುದರಿಂದ ಮಠದ ಭಕ್ತರಾದ ತಮ್ಮ ಮುಂದೆ ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವೆನು.

ಮೊದಲು ಒಂದು ಕಠೋರವಾದ ಕಥೆ. ೫೯೦ರಿಂದ ೬೦೪ರ ವರೆಗೆ ಪೋಪನಾಗಿದ್ದ ಮಹಾ ಗ್ರೆಗೊರಿಯು ತನ್ನ ‘ಸಂವಾದಗಳು’ ಎಂಬ ಗ್ರಂಥದಲ್ಲಿ ತನ್ನ ಮಠದಲ್ಲೇ ನಡೆದುದೆಂದು ಇದನ್ನು ಹೇಳಿರುವನು. ಅಲ್ಲಿ ಯುಸ್ತನೆಂಬ ಸನ್ಯಾಸಿಯಿದ್ದನು, ವೈದ್ಯ ಬಲ್ಲವನು, ಗ್ರೆಗೊರಿಯ ಕಾಯಿಲೆಗಳಲ್ಲಿ ಆತನ ಸೇವೆಮಾಡಿದವನು. ಯುಸ್ತನು ಸಾಯುವಂತಾದಾಗ, ಅವನು ಔಷಧಗಳ ನಡುವೆ ಮೂರು ಚಿನ್ನದ ನಾಣ್ಯಗಳನ್ನು ಬಚ್ಚಿಟ್ಟಿದ್ದುದು ಹೊರಬಿದ್ದಿತು. ಆ ಮಠದಲ್ಲಿ ಯಾರಿಗೂ ಸ್ವಂತದ್ದೆಂಬುದು ಇರಕೂಡದು. ಗ್ರೆಗೊರಿಯು ಸಾಯುವವನ ಹಾಸಿಗೆಯ ಬಳಿಗೆ ಯಾರೂ ಹೋಗಕೂಡದೆಂದು ಕಟ್ಟುಮಾಡಿದನು. ಸತ್ತ ಮೇಲೆ ದೇಹವನ್ನು ತಿಪ್ಪೆಯಲ್ಲಿ ಹೂಳಿಸಿ, ಆ ಮೂರು ನಾಣ್ಯಗಳನ್ನೂ ಅದರ ಮೇಲೆ ಎಸೆಯಿಸಿ, ನಿನ್ನ ಹಣ ನಿನ್ನೊಡನೆಯೇ ಹಾಳಾಗಲೆಂದು ಎಲ್ಲರಿಂದಲೂ ಕೂಗಿಸಿದನು. ಮೂವತ್ತು ದಿನಗಳು ಕಳೆದುವು. ಗ್ರೆಗೊರಿಯ ಮನಸ್ಸು ಕರಗಿತು. ಮಠದ ಮೇಲ್ವಿಚಾರಕನನ್ನು ಕರೆದು, ಆ ಸೋದರನು ಬಹಳ ದಿನದಿಂದ ಬೇಯುತ್ತಿರುವನು, ಇಂದಿನಿಂದ ಮೂವತ್ತು ದಿನ ಎಡೆಬಿಡದೆ ಅವನಿಗಾಗಿ ಬಲಿಪೂಜೆ ನಡೆಯಲೆಂದು ಆಜ್ಞಾಪಿಸಿದನು. ಬೇರೆ ಕೆಲಸಗಳ ಗದ್ದಲದಲ್ಲಿ ದಿನಗಳನ್ನು ಯಾರೂ ಎಣಿಸಲಿಲ್ಲ. ಒಂದು ರಾತ್ರಿ ಯುಸ್ತನು ತನ್ನ ಒಡಹುಟ್ಟಿದ ಕೊಪಿಯೋಸನಿಗೆ ಕಾಣಿಸಿಕೊಂಡು, ಇದುವರೆಗೆ ಕಷ್ಟದಲ್ಲಿದ್ದೆ, ಈಗ ಲೇಸಾಗಿದ್ದೇನೆಂದು ಹೇಳಿದನಂತೆ. ಎಣಿಸಿ ನೋಡಿದರೆ ಅಂದೇ ಮೂವತ್ತನೆಯ ದಿನ!

ಇದನ್ನು ನಂಬುವುದೂ ಬಿಡುವುದೂ ಅವರವರ ಇಚ್ಛೆ. ಈ ಕಥೆಯಿಂದಲೇ ಮೂವತ್ತು ದಿನಗಳ ‘ಗ್ರೆಗೊರಿಯ ಪೂಜೆ’ ಎಂಬ ಪದ್ಧತಿ ಹುಟ್ಟಿ ಇಂದಿಗೂ ನಡೆದುಬಂದಿದೆ. ನನ್ನನ್ನು ಹಿಡಿದು ನಿಲ್ಲಿಸಿದುದು ಪವಾಡವಲ್ಲ. ದಂಡನೆ ವಿಧಿಸಿದ ಗುರುವೇ, ಅಪರಾಧಿಯು ಸತ್ತ ಮೇಲೂ, ತನ್ನ ದಂಡನೆಯನ್ನು ನೆನೆದು ನಿದ್ರೆಗೆಟ್ಟನಲ್ಲ ಎಂಬುದು. ಸತ್ತವನೊಡನೆ ರಾಜಿಯಾಗಲು ಬದುಕಿರುವವನಿಗೆ ಇದ್ದ ದಾರಿ ಅದೊಂದೇ.

ಮುಂದಿನ ಶತಮಾನಗಳಲ್ಲಿ ಮಠಗಳು ಮೃತರ ಹೆಸರುಗಳ ಭಂಡಾರಗಳಾದುವು. ಒಂದು ಮಠವು ಇನ್ನೊಂದರೊಡನೆ ಪ್ರಾರ್ಥನೆಯ ಒಡಂಬಡಿಕೆ ಮಾಡಿಕೊಂಡು, ನಿಮ್ಮವರನ್ನು ನಾವು ನೆನೆಯುವೆವು, ನಮ್ಮವರನ್ನು ನೀವು ನೆನೆಯಿರಿ, ಎಂದು ಪಟ್ಟಿಗಳನ್ನು ಬದಲಾಯಿಸಿಕೊಳ್ಳುತ್ತಿತ್ತು. ಜರ್ಮನಿಯ ದಕ್ಷಿಣದಲ್ಲಿ, ಸರೋವರದ ನಡುವಿನ ರೈಖೆನೌ ದ್ವೀಪದ ಮಠದಲ್ಲಿ ಒಂಬತ್ತನೆಯ ಶತಮಾನದಲ್ಲಿ ಆರಂಭವಾದ ಇಂಥ ಒಂದು ಪುಸ್ತಕದಲ್ಲಿ ಸುಮಾರು ೩೮,೦೦೦ ಹೆಸರುಗಳಿವೆ. ರಾಜರೂ ಅದರಲ್ಲಿರುವರು, ಊರುಕೇರಿ ತಿಳಿಯದವರೂ ಇರುವರು. ಪ್ರತಿದಿನ ಬೆಳಿಗ್ಗೆ ಸನ್ಯಾಸಿಗಳು ಕೂಡಿದಾಗ ಆ ತಿಥಿಯಲ್ಲಿ ಸತ್ತವರ ಹೆಸರುಗಳನ್ನು ಓದುತ್ತಿದ್ದರು. ಮಠಾಧಿಪತಿಯೊಬ್ಬನು ಸತ್ತರೆ ಚರ್ಮದ ಸುರುಳಿಯೊಂದನ್ನು ಓಲೆಕಾರನ ಕೊರಳಿಗೆ ಕಟ್ಟಿ ಕಳುಹಿಸುವರು. ಅವನು ತಿಂಗಳುಗಟ್ಟಲೆ ಮಠದಿಂದ ಮಠಕ್ಕೆ ನಡೆಯುವನು. ಪ್ರತಿಯೊಂದು ಮಠದವರೂ ಅದರಲ್ಲಿ ತಮ್ಮ ಪ್ರಾರ್ಥನೆಯನ್ನು ಬರೆದು, ಕೆಳಗೆ ತಮ್ಮ ಮೃತರ ಹೆಸರುಗಳನ್ನೂ ಸೇರಿಸುವರು. ಚರ್ಮ ಸಾಲದಾದರೆ ಮತ್ತೊಂದು ತುಂಡನ್ನು ಹೊಲಿಯುವರು. ೧೧೨೨ರಲ್ಲಿ ತೀರಿಕೊಂಡ ಸಾವಿನ್ಯಿಯ ವಿತಾಲಿಸನ ಸುರುಳಿಯು ಫ್ರಾನ್ಸ್ ಇಂಗ್ಲೆಂಡುಗಳಲ್ಲಿ ಇನ್ನೂರಕ್ಕೂ ಮಿಕ್ಕ ಸ್ಥಾನಗಳನ್ನು ಸುತ್ತಿಬಂದು, ಇಂದಿಗೂ ಉಳಿದಿದೆ. ಅಂಚೆಯಿಲ್ಲದ ಕಾಲದಲ್ಲಿ, ಹೊಳೆ ಕಾಡುಗಳನ್ನು ದಾಟಿ, ಕೊರಳಲ್ಲಿ ಸತ್ತವರ ಹೆಸರುಗಳನ್ನು ಹೊತ್ತು ನಡೆದ ಆ ಓಲೆಕಾರರ ಹೆಸರನ್ನು ಯಾರು ಬರೆದಿಟ್ಟರೋ!

ಇನ್ನು ಕ್ಲೂನಿ. ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ೯೧೦ರಲ್ಲಿ ಸ್ಥಾಪಿತವಾದ ಈ ಮಠವು ಇನ್ನೂರು ವರುಷಗಳೊಳಗೆ ನೂರಾರು ಶಾಖಾಮಠಗಳ ಮೂಲಸ್ಥಾನವಾಯಿತು. ಅದರ ಐದನೆಯ ಅಧಿಪತಿಯಾದ ಓದಿಲೋ ೯೯೪ರಿಂದ ೧೦೪೯ರ ವರೆಗೆ ಪೀಠದಲ್ಲಿದ್ದನು. ನವಂಬರ ೧ ಸಕಲ ಸಂತರ ಹಬ್ಬ. ಅದರ ಮರುದಿನವೇ ಸಕಲ ಮೃತಭಕ್ತರ ಸ್ಮರಣೆಯ ದಿನವಾಗಲೆಂದು, ಕ್ಲೂನಿಯ ಎಲ್ಲ ಶಾಖೆಗಳಲ್ಲಿಯೂ ಗಂಟೆಗಳು ಮೊಳಗಲೆಂದು, ಪೂಜೆಯೂ ಬಡವರಿಗೆ ದಾನವೂ ನಡೆಯಲೆಂದು ಆತನು ಕಟ್ಟಳೆಮಾಡಿದನು. ವರುಷವನ್ನು ೯೯೮ ಎಂದು ಹೇಳುವ ರೂಢಿಯುಂಟು; ಅದಕ್ಕೂ ಈಚಿನದೆಂದು ಎಣಿಸುವ ವಿದ್ವಾಂಸರೂ ಇರುವರು. ಜೆರೂಸಲೇಮಿನಿಂದ ಮರಳುವ ಯಾತ್ರಿಕನೊಬ್ಬನಿಗೆ ದ್ವೀಪವಾಸಿಯಾದ ತಪಸ್ವಿಯು, ಕ್ಲೂನಿಯವರ ಪ್ರಾರ್ಥನೆಯಿಂದ ತಮ್ಮ ಕೈಯಲ್ಲಿದ್ದ ಆತ್ಮಗಳು ತಪ್ಪಿಹೋಗುತ್ತಿರುವುವೆಂದು ಪಿಶಾಚಿಗಳು ಗೋಳಿಡುವುದನ್ನು ಕೇಳಿದೆನೆಂದು ಹೇಳಿಕಳುಹಿಸಿದ ಕಥೆಯೂ ಇದಕ್ಕೆ ಅಂಟಿಕೊಂಡಿದೆ. ಕಥೆ ಹೇಗೇ ಇರಲಿ, ಕಟ್ಟಳೆಯು ಕ್ರಮೇಣ ಪಶ್ಚಿಮದ ಕ್ರೈಸ್ತಲೋಕಕ್ಕೆಲ್ಲ ಹಬ್ಬಿತು. ಅಗಸ್ಟೀನನು ಹೇಳಿದ ಆ ಯಾರೂ ಇಲ್ಲದವರಿಗೆ ವರುಷದಲ್ಲೊಂದು ದಿನ ದೊರೆಯಿತು.

ಕ್ಲೂನಿಯಲ್ಲಿ ಸನ್ಯಾಸಿಯೊಬ್ಬನು ಸತ್ತರೆ ಅವನ ಪಾಲಿನ ಊಟವು ಮೂವತ್ತು ದಿನ ನಿಲ್ಲದೆ ಬೇಯುತ್ತಿತ್ತು. ಅದನ್ನು ಒಬ್ಬ ಬಡವನಿಗೆ ಬಡಿಸುವರು. ವರುಷ ವರುಷವೂ ಅವನ ಪುಣ್ಯತಿಥಿಯಂದು ಮತ್ತೆ ಒಬ್ಬ ಬಡವನು ಅವನ ಹೆಸರಿನಲ್ಲಿ ಉಣ್ಣುವನು. ಮೋನಿಕಾಳ ಬುಟ್ಟಿ ಇಲ್ಲಿ ಮತ್ತೆ ಕಾಣಿಸಿತಲ್ಲವೇ? ಆದರೆ ಮೃತರ ಸಂಖ್ಯೆ ಏರುತ್ತಲೇ ಹೋಗುವುದು, ಕಡಿಮೆಯಾಗುವುದಿಲ್ಲ. ಹನ್ನೆರಡನೆಯ ಶತಮಾನದ ಹೊತ್ತಿಗೆ ಸತ್ತವರ ಊಟಕ್ಕೆ ಒದಗಿಸುತ್ತ ಬದುಕಿರುವವರಿಗೇ ಊಟವಿಲ್ಲದಂತಾಯಿತು. ಪೂಜ್ಯ ಪೇತ್ರನೆಂಬ ಅಧಿಪತಿಯು ಮನಸ್ಸಿಲ್ಲದ ಮನಸ್ಸಿನಿಂದ, ದಿನವೊಂದಕ್ಕೆ ಐವತ್ತು ಮೃತರ ಪಾಲಿಗಿಂತ ಹೆಚ್ಚು ಬಡಿಸಕೂಡದೆಂದು ಮಿತಿಯನ್ನಿಟ್ಟನು. ಮಠಗಳ ಲೆಕ್ಕಪತ್ರಗಳನ್ನು ಬಲ್ಲವರಿಗೆ ಆ ಅಧಿಪತಿಯ ಸಂಕಟ ಅರ್ಥವಾದೀತು. ಒಂದು ಸ್ಮರಣೆಯ ಬೆಲೆಯನ್ನು ಅಳೆಯಬೇಕಾದರೆ ಅದು ಬದುಕಿರುವವರ ಅನ್ನದಲ್ಲಿ ಎಷ್ಟು ಪಾಲನ್ನು ತೆಗೆದುಕೊಂಡಿತೆಂದು ನೋಡಬೇಕು.

ಇಲ್ಲಿಂದ ಮುಂದಿನ ಕಥೆ ಅಷ್ಟು ಸೊಗಸಲ್ಲ. ಅನ್ನದ ಸ್ಥಾನದಲ್ಲಿ ಹಣ ಬಂದು ಕುಳಿತಿತು. ಉಳ್ಳವರು ತಮ್ಮ ಹೆಸರಿನಲ್ಲಿ ನಿತ್ಯಪೂಜೆ ನಡೆಯಲೆಂದು ದತ್ತಿಗಳನ್ನು ಬಿಟ್ಟರು. ಅದನ್ನು ನಡೆಸಲೆಂದೇ ಪಾದ್ರಿಗಳನ್ನು ನೇಮಿಸಿದರು. ಸಾವಿರ ಪೂಜೆ ಕೊಳ್ಳಬಲ್ಲವನು ಬೇಗ ಶುದ್ಧನಾಗುವನೆಂದೂ ಬಡವನು ತಡವಾಗಿ ಶುದ್ಧನಾಗುವನೆಂದೂ ಜನ ತಿಳಿದರೆ ಅದರಲ್ಲಿ ಆಶ್ಚರ್ಯವೇನು? ಶಿಕ್ಷಾವಿಮೋಚನೆಯ ಪತ್ರಗಳನ್ನು ಸತ್ತವರ ಹೆಸರಿನಲ್ಲಿಯೂ ಮಾರತೊಡಗಿದಾಗ, ೧೫೧೭ರಲ್ಲಿ ಮಾರ್ಟಿನ್ ಲೂಥರನೆಂಬ ಸನ್ಯಾಸಿಯೇ ಎದ್ದು ನಿಂತನು. ಪೋಪನಿಗೆ ಆತ್ಮಗಳನ್ನು ಬಿಡಿಸುವ ಅಧಿಕಾರವಿದ್ದರೆ ಹಣ ಪಡೆಯದೆ ಕೇವಲ ಪ್ರೀತಿಗಾಗಿ ಎಲ್ಲರನ್ನೂ ಏಕೆ ಬಿಡಿಸಬಾರದೆಂಬ ಅರ್ಥದ ಅವನ ಪ್ರಶ್ನೆಗೆ ಅಂದು ನೇರವಾದ ಉತ್ತರ ಬರಲಿಲ್ಲ. ಇಂಗ್ಲೆಂಡಿನಲ್ಲಿ ೧೫೪೭ರ ಶಾಸನವು ಮೃತರ ಪೂಜೆಯ ದತ್ತಿಗಳನ್ನೆಲ್ಲ ರಾಜಭಂಡಾರಕ್ಕೆ ಎಳೆದುಕೊಂಡಿತು. ಕೊಳೆಯನ್ನು ತೊಳೆಯುವ ಭರದಲ್ಲಿ ತೊಟ್ಟಿಲ ಕೂಸೂ ಹೋಯಿತೆಂದು ನನಗೆ ತೋರುವುದು. ಆದರೆ ತೊಟ್ಟಿಲನ್ನು ಕೊಳೆಯಿಸಿದವರು ಯಾರೆಂಬುದನ್ನು ಮರೆಯುವಂತಿಲ್ಲ. ಕಡೆಗೆ ೧೫೬೩ರಲ್ಲಿ ಟ್ರೆಂಟಿನ ಪರಿಷತ್ತೇ, ಶುದ್ಧೀಕರಣದ ವಿಷಯದಲ್ಲಿ ಜಟಿಲವಾದ ಕುತೂಹಲದ ಪ್ರಶ್ನೆಗಳನ್ನೂ ಮೂಢನಂಬಿಕೆಯನ್ನೂ ಹೊಲಸು ಲಾಭವನ್ನೂ ಬಿಷಪ್ಪರು ತಡೆಯತಕ್ಕದ್ದೆಂದು ಆಜ್ಞೆಮಾಡಬೇಕಾಯಿತು.

ಪಂಡಿತರು ಹೀಗೆ ವಾದಿಸುತ್ತಿರಲು ಬಡಜನರು ಏನು ಮಾಡುತ್ತಿದ್ದರು? ಇಟಲಿಯ ನೇಪಲ್ಸಿನಲ್ಲಿ ಫೊಂತನೆಲ್ಲೆ ಎಂಬ ಹಳೆಯ ಕಲ್ಲುಗಣಿಯುಂಟು. ೧೬೫೬ರ ಮಹಾಮಾರಿಯಲ್ಲಿ ಸತ್ತವರ ಅಸ್ಥಿಗಳೂ ಆಮೇಲಿನವರ ಅಸ್ಥಿಗಳೂ ಹೆಸರಿಲ್ಲದೆ ಅಲ್ಲಿ ರಾಶಿಬಿದ್ದಿದ್ದುವು. ೧೮೭೨ರಲ್ಲಿ ಬಾರ್ಬಾತಿಯೆಂಬ ಪಾದ್ರಿಯು ನೆರೆಯ ಹೆಂಗಸರ ನೆರವಿನಿಂದ ಅವನ್ನು ಸಾಲಾಗಿ ಜೋಡಿಸಿದನು. ಆಮೇಲೆ ಆ ಕೇರಿಯ ಬಡ ಹೆಂಗಸರು ಒಬ್ಬೊಬ್ಬರೂ ಒಂದೊಂದು ತಲೆಬುರುಡೆಯನ್ನು ದತ್ತು ತೆಗೆದುಕೊಂಡರು! ಅದನ್ನು ಒರೆಸಿ, ಕಸೂತಿಯ ಕೈವಸ್ತ್ರದ ಮೇಲಿಟ್ಟು, ದೀಪ ಹಚ್ಚಿ, ಅದರ ಆತ್ಮಕ್ಕಾಗಿ ಜಪಸರ ತಿರುಗಿಸುವರು. ಕನಸಿನಲ್ಲಿ ಅದು ತನ್ನ ಹೆಸರನ್ನು ಹೇಳುವುದೆಂದು ಕಾಯುವರು. ಮಗನು ಯುದ್ಧಕ್ಕೆ ಹೋಗಿ ಮರಳದವಳು, ತನ್ನ ಮಗನ ಎಲುಬಿಗೂ ಎಲ್ಲಿಯೋ ಒಬ್ಬಳು ತಾಯಿ ಹೀಗೆ ದೀಪವಿಟ್ಟಾಳೆಂದು ನೆನೆದಿರಬಹುದು. ಇದರೊಡನೆ ಲಾಟರಿಯ ಅಂಕಿ ಹೇಳೆಂದು ಬುರುಡೆಯನ್ನು ಪೀಡಿಸುವುದೂ ಇದ್ದಿತು, ಮನುಷ್ಯರಲ್ಲವೇ. ೧೯೬೯ರಲ್ಲಿ ಅಲ್ಲಿಯ ಕಾರ್ಡಿನಲ್ ಉರ್ಸಿ ಇದು ಮೂಢಾಚಾರವೆಂದು ನಿಷೇಧಿಸಿದನು. ಅಂಬ್ರೋಸನು ಬುಟ್ಟಿಯನ್ನು ತಡೆದಂತೆಯೇ ಇದೂ. ಅವನು ಮಾಡಿದುದು ಶಾಸ್ತ್ರಕ್ಕೆ ಸರಿ. ಆದರೂ ನನ್ನ ಮನಸ್ಸು ಆ ಹೆಂಗಸರ ಪಕ್ಷಕ್ಕೇ ವಾಲುವುದು.

ಮೊದಲನೆಯ ಮಹಾಯುದ್ಧವು ಮೃತರ ಲೆಕ್ಕವನ್ನೇ ತಪ್ಪಿಸಿಬಿಟ್ಟಿತು. ೧೯೧೫ರ ಆಗಸ್ಟ ೧೦ರಂದು ಪೋಪ್ ಹದಿನೈದನೆಯ ಬೆನೆಡಿಕ್ಟನು, ನವಂಬರ ೨ರಂದು ಪ್ರತಿಯೊಬ್ಬ ಪಾದ್ರಿಯೂ ಮೂರು ಪೂಜೆಗಳನ್ನು ಮಾಡಬಹುದೆಂದು ಅಪ್ಪಣೆಕೊಟ್ಟನು. ಸ್ಪೇನ್ ಪೋರ್ಚುಗಲ್ ಸೀಮೆಗಳಲ್ಲಿ ೧೭೪೮ರಿಂದಲೇ ಇದ್ದ ಅನುಮತಿಯು ಹೀಗೆ ಲೋಕಕ್ಕೆಲ್ಲ ದೊರೆಯಿತು. ಮೂರರಲ್ಲಿ ಒಂದಕ್ಕೆ ಮಾತ್ರ ಕಾಣಿಕೆ ಪಡೆಯಬಹುದು. ಒಂದು ಸಕಲ ಮೃತರಿಗಾಗಿ, ಒಂದು ಪೋಪನ ಸಂಕಲ್ಪಕ್ಕಾಗಿ. ದತ್ತಿಗಳು ಮುಳುಗಿಹೋಗಿ ಪೂಜೆ ನಿಂತುಹೋದ ಹಳೆಯ ಮೃತರ ನೆನಪೂ ಆ ಅಪ್ಪಣೆಯಲ್ಲಿದ್ದಿತು. ೧೯೬೩ರಲ್ಲಿ ದಹನಸಂಸ್ಕಾರದ ಮೇಲಿನ ನಿಷೇಧವು ಸಡಿಲವಾಯಿತು; ೧೯೬೯ರ ಹೊಸ ವಿಧಿಯಲ್ಲಿ ಕಪ್ಪುಬಟ್ಟೆಯ ಭಯಕ್ಕಿಂತ ಪುನರುತ್ಥಾನದ ಭರವಸೆಗೆ ಹೆಚ್ಚು ಸ್ಥಳ ದೊರೆಯಿತು. ಕ್ಲೂನಿಯ ಮಠವಾದರೋ ಫ್ರೆಂಚರ ಕ್ರಾಂತಿಯಲ್ಲಿ ಮುಚ್ಚಿಹೋಗಿ, ಅದರ ಮಹಾದೇವಾಲಯದ ಕಲ್ಲುಗಳನ್ನು ಮಾರಿ ಹೊತ್ತೊಯ್ದರು. ಅಳಿದುಳಿದ ಒಂದು ಮೂಲೆಯನ್ನು ಇಂದು ಪ್ರವಾಸಿಗಳು ನೋಡಿಬರುವರು. ಆ ಮಠವು ಗೊತ್ತುಮಾಡಿದ ದಿನವು ಮಾತ್ರ ಉಳಿದಿದೆ.

ನಮ್ಮ ನಾಡಿನಲ್ಲಿಯೂ ಉಳಿದಿದೆ. ನವಂಬರ ೨ರಂದು ಬೆಂಗಳೂರು, ಮೈಸೂರು, ಮಂಗಳೂರುಗಳ ಕ್ಯಾಥೊಲಿಕರ ಸಮಾಧಿಭೂಮಿಗಳಿಗೆ ಹೋದವರು ನೋಡಿರಬಹುದು. ಸಮಾಧಿಗಳ ಹುಲ್ಲು ಕಿತ್ತು, ತೊಳೆದು, ಚೆಂಡುಹೂ ಸೇವಂತಿಗೆಗಳನ್ನು ಇಟ್ಟು, ಮೇಣದ ಬತ್ತಿಗಳನ್ನು ಹಚ್ಚಿರುವರು. ಪಾದ್ರಿಗಳು ತೀರ್ಥವನ್ನು ಚಿಮುಕಿಸುತ್ತ ಸಾಲುಸಾಲಾಗಿ ನಡೆಯುವರು.

ನನ್ನ ಸಹೋದ್ಯೋಗಿಗಳು ತೀರಿಕೊಂಡು ಮೂರು ವರುಷಗಳಾದುವು. ಮಕ್ಕಳಿಲ್ಲ, ಪತ್ನಿಯವರು ಮೊದಲೇ ಹೋಗಿದ್ದ‍ರು. ಆ ವರುಷ ಅಕ್ಟೋಬರ ಕೊನೆಯಲ್ಲಿ ಅವರ ಮೇಜಿನ ಕಪಾಟನ್ನು ತೆರವುಮಾಡುವಾಗ ಹಳೆಯ ಪಟ್ಟಿಯ ಪ್ರತಿಯೊಂದು ದೊರೆಯಿತು. ನಲವತ್ತೊಂದು ಹೆಸರುಗಳು. ನಮ್ಮ ತಂದೆಯವರ ಹೆಸರು ಈಗ ಕಡೆಯಲ್ಲಿರಲಿಲ್ಲ, ನಡುವೆ ಬಂದಿದ್ದಿತು. ನಾನು ಹೊಸ ಹಾಳೆಯಲ್ಲಿ ಅದನ್ನೆಲ್ಲ ನಕಲುಮಾಡಿ, ಕೆಳಗೆ ನಲವತ್ತೆರಡನೆಯ ಹೆಸರನ್ನು ಬರೆದು, ಲಕೋಟೆಯಲ್ಲಿಟ್ಟು ಇಗರ್ಜಿಗೆ ಹೋದೆನು. ಅಲ್ಲಿಯ ಗುರುಗಳು ನನ್ನ ಹಣೆಯ ವಿಭೂತಿಯನ್ನೊಮ್ಮೆ ನೋಡಿ, ಇವರು ತಮಗೆ ಏನಾಗಬೇಕೆಂದು ವಿನಯದಿಂದ ಕೇಳಿದರು. ನಮ್ಮ ಮನೆಯಲ್ಲಿ ಊಟಮಾಡಿದವರು ಎಂದೆನು. ಅವರು ಮತ್ತೇನೂ ಕೇಳದೆ ಲಕೋಟೆಯನ್ನು ತೆಗೆದುಕೊಂಡರು.